ರಣಹದ್ದಿನ ಬೆನ್ನು ಹತ್ತಿದ ಪ್ರಬಂಧಗಳು



"ಇತ್ತೀಚಿನ ಸಂಶೋಧನೆಯೊಂದರ ಪ್ರಕಾರ..." ಈ ಮಾತನ್ನು ನಮ್ಮ ಕಾರ್ಯಕ್ರಮದಲ್ಲಿ ವಾರಕ್ಕೆ ಎರಡು ಸಲವಾದರೂ ಹೇಳುತ್ತಿರುತ್ತೇವೆ. ಹುಲಿ ಎಷ್ಟಿವೆ, ಕಪ್ಪೆ ಯಾಕೆ ಕಡಿಮೆಯಾಗುತ್ತಿವೆ, ಗುಬ್ಬಚ್ಚಿ ಎಲ್ಲಿ ಹೋದವು ಎಂದು ಸುದ್ದಿ ಓದುವಾಗಲೆಲ್ಲ ಈ ಸಾಲು ಬಂದೇ ಬರುತ್ತದೆ. ಕೇಳುಗರಲ್ಲಿ ಹಲವರು ಕೇಳುವುದೂ ಅದನ್ನೇ. ಈ ಸಂಶೋಧನೆಗಳು ಎಲ್ಲಿ ಅಚ್ಚಾಗುತ್ತವೆ? ಅವನ್ನು ಓದುವವರು ಯಾರು? ಅಚ್ಚಾದ ಮಾತ್ರಕ್ಕೆ ಒಂದು ಹಕ್ಕಿಯಾದರೂ ಉಳಿಯಿತೇ?

ನ್ಯಾಯವಾದ ಪ್ರಶ್ನೆ. ಜೀವವೈವಿಧ್ಯದ ಬಗ್ಗೆ ಪ್ರಪಂಚದಾದ್ಯಂತ ಪ್ರತಿವರ್ಷ ಸಾವಿರಾರು ಪ್ರಬಂಧಗಳು ಹೊರಬರುತ್ತವೆ. ಅವೆಲ್ಲವನ್ನೂ ಹೇಳಹೊರಟರೆ ಈ ಸಂಚಿಕೆ ಸಾಲದು. ಅದಕ್ಕೆ ಒಂದೇ ಒಂದು ಹಕ್ಕಿಯ ಕಥೆ ಹಿಡಿದು ಹೊರಡೋಣ. ಆ ಹಕ್ಕಿ ನಮ್ಮ ರಣಹದ್ದು.

ಮೊದಲ ಎಚ್ಚರಿಕೆ ಮುಂಬಯಿಯಿಂದ

ಎಂಬತ್ತರ ದಶಕದವರೆಗೂ ರಣಹದ್ದು ನಮಗೆ ಅಪರೂಪದ ಹಕ್ಕಿಯೇನೂ ಆಗಿರಲಿಲ್ಲ. ಊರಾಚೆ ಸತ್ತ ದನ ಬಿಸಾಡಿದರೆ ಗಳಿಗೆಯೊಳಗೆ ಹಿಂಡು ಇಳಿದು, ಮೂಳೆಯಷ್ಟೇ ಉಳಿಯುವಂತೆ ಚೊಕ್ಕಟ ಮಾಡಿ ಹೋಗುತ್ತಿತ್ತು. ಸಂಬಳ ಕೇಳದ ಪೌರಕಾರ್ಮಿಕ ಎಂದರೆ ತಪ್ಪಾಗಲಾರದು.

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಅವರು ಈ ಹಕ್ಕಿಗಳ ಗೂಡುಗಳನ್ನು ಎಣಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಅಲ್ಲಿ ಬಿಳಿಬೆನ್ನಿನ ರಣಹದ್ದಿನ 350ಕ್ಕೂ ಹೆಚ್ಚು ಗೂಡುಗಳಿದ್ದವು. ತೊಂಬತ್ತರ ದಶಕದ ನಡುವಿನಲ್ಲಿ ಮತ್ತೆ ಎಣಿಸಿದಾಗ ಅರ್ಧದಷ್ಟೂ ಉಳಿದಿರಲಿಲ್ಲ. ಕತ್ತು ಜೋತುಬಿಟ್ಟು ಕೊಂಬೆಯ ಮೇಲೆ ಕೂತ ಹಕ್ಕಿಗಳು, ಮರದಡಿಯಲ್ಲಿ ಸತ್ತು ಬಿದ್ದ ಹಕ್ಕಿಗಳು ಕಂಡವು. ಇದನ್ನು ಅವರು 1999ರಲ್ಲಿ ಸೊಸೈಟಿಯ ಸ್ವಂತ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು.

ಮುಂಬಯಿ ಕೇಳುಗರಿಗೆ ಈ ಸೊಸೈಟಿ ಗೊತ್ತಿರುತ್ತದೆ. ಕೋಟೆ ಪ್ರದೇಶದ ಹಾರ್ನ್‌ಬಿಲ್ ಹೌಸ್ ಅದರ ಮನೆ. ಸಲೀಂ ಅಲಿ ಅವರು ಬದುಕಿಡೀ ದುಡಿದ ಸಂಸ್ಥೆ. ಸೊಸೈಟಿ ಹುಟ್ಟಿದ್ದು 1883ರಲ್ಲಿ, ಅದರ ನಿಯತಕಾಲಿಕೆ ಆರಂಭವಾದದ್ದು 1886ರಲ್ಲಿ. ಜಗತ್ತಿನ ದೊಡ್ಡ ಪತ್ರಿಕೆಗಳ ಸಾಲಿನಲ್ಲಿ ಈ ನಿಯತಕಾಲಿಕೆಯ ಹೆಸರು ಮೊದಲಿಗೆ ಬರುವುದಿಲ್ಲ. ಆದರೆ ಭಾರತದ ರಣಹದ್ದುಗಳು ಸಾಯುತ್ತಿವೆ ಎಂದು ಲೆಕ್ಕ ಸಮೇತ ಎಚ್ಚರಿಸಿದ ಪ್ರಬಂಧ ಬಂದದ್ದು ಇದರಲ್ಲೇ.

ಕೊಲೆಗಾರ ಯಾರು?

ಸಾವು ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ. ಯಾವುದೋ ವೈರಸ್ ಇರಬೇಕೆಂದು ಹಲವರು ಅಂದುಕೊಂಡರು. ಕೀಟನಾಶಕದ ಮೇಲೂ ಗುಮಾನಿ ಬಂತು. ಸತ್ತ ಹಕ್ಕಿಗಳ ಹೊಟ್ಟೆ ಸೀಳಿ ನೋಡಿದರೆ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿ ಪದರ. ಅಂದರೆ ಮೂತ್ರಪಿಂಡ ಕೆಟ್ಟಿದೆ ಎಂದರ್ಥ.

ಉತ್ತರ ಸಿಕ್ಕಿದ್ದು ಗಡಿಯಾಚೆ, ಪಾಕಿಸ್ತಾನದ ಪಂಜಾಬಿನಲ್ಲಿ. ಅಮೆರಿಕದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಅಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದರು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳಲ್ಲಿ 25ರಲ್ಲೂ ಒಂದೇ ಔಷಧಿಯ ಅಂಶವಿತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಆ ಔಷಧಿ ಡೈಕ್ಲೋಫೆನಾಕ್. ಹೌದು, ಸೊಂಟ ಹಿಡಿದರೆ ನಾವೂ ನುಂಗುವ ಅದೇ ನೋವಿನ ಮಾತ್ರೆ. ಅಗ್ಗವಾಗಿ ಸಿಗತೊಡಗಿದ ಮೇಲೆ ದನಕರುಗಳ ನೋವು, ಬಾವಿಗೂ ಅದನ್ನೇ ಕೊಡುತ್ತಿದ್ದರು. ಔಷಧಿ ಕೊಟ್ಟ ಸ್ವಲ್ಪ ದಿನದಲ್ಲೇ ಸತ್ತ ದನವನ್ನು ತಿಂದ ರಣಹದ್ದಿಗೆ ಸಾವು ಖಚಿತ. ಈ ಪ್ರಬಂಧ 2004ರಲ್ಲಿ ಬ್ರಿಟನ್ನಿನ ಪ್ರಸಿದ್ಧ ಪತ್ರಿಕೆ 'ನೇಚರ್'ನಲ್ಲಿ ಪ್ರಕಟವಾಯಿತು.

ಅದೇ ವರ್ಷ ಇನ್ನೊಂದು ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ಇನ್ನೂ ಗಾಬರಿ ಹುಟ್ಟಿಸುವಂಥದು. ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಹೆಣದಲ್ಲಿ ಈ ವಿಷ ಇದ್ದರೂ ಸಾಕು, ಇಡೀ ಸಂತತಿ ಕುಸಿಯುತ್ತದೆ. ಯಾಕೆಂದರೆ ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಮುತ್ತುತ್ತವೆ. ರಣಹದ್ದು ವರ್ಷಕ್ಕೆ ಇಡುವುದೋ ಒಂದೇ ಮೊಟ್ಟೆ.

ಇನ್ನು ರೈತನ ಪ್ರಶ್ನೆ. ಔಷಧಿ ಬೇಡವೆಂದರೆ ನೋವಿನಿಂದ ನರಳುವ ಎತ್ತಿಗೆ ಏನು ಕೊಡಬೇಕು? 2006ರ ಜನವರಿಯಲ್ಲಿ 'ಪ್ಲಾಸ್ ಬಯಾಲಜಿ' ಎಂಬ ಪತ್ರಿಕೆ ಅದಕ್ಕೂ ಉತ್ತರ ಕೊಟ್ಟಿತು. ಮೆಲಾಕ್ಸಿಕಾಮ್ ಎಂಬ ಔಷಧಿಯಿಂದ ರಣಹದ್ದಿಗೆ ಅಪಾಯವಿಲ್ಲ ಎಂದು ಅಲ್ಲಿ ಪ್ರಯೋಗದ ಮೂಲಕ ತೋರಿಸಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತ ಸರ್ಕಾರ ಪಶುಗಳ ಡೈಕ್ಲೋಫೆನಾಕ್ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. ನೇಪಾಳ, ಪಾಕಿಸ್ತಾನಗಳೂ 2006ರಲ್ಲೇ ನಿಷೇಧ ತಂದವು. ಕಾರಣ ಗೊತ್ತಾದ ಎರಡೇ ವರ್ಷದಲ್ಲಿ ಮೂರು ದೇಶಗಳ ಕಾನೂನು ಬದಲಾಯಿತು.

ಆದರೂ ಆ ಹೊತ್ತಿಗೆ ಬಹಳ ತಡವಾಗಿತ್ತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡಾ 99.9ರಷ್ಟು ನಾಶವಾಗಿದ್ದವು. ಸಾವಿರಕ್ಕೆ ಒಂದು ಉಳಿಯಿತು.

'ಇಂಪ್ಯಾಕ್ಟ್' ಎಂದರೆ ಏನು?

ಈಗ ಪತ್ರಿಕೆಗಳ ವಿಷಯಕ್ಕೆ ಬರೋಣ. ಸಂಶೋಧನಾ ಪತ್ರಿಕೆಗೆ ಕಳಿಸಿದ ಪ್ರಬಂಧ ನೇರ ಅಚ್ಚಿಗೆ ಹೋಗುವುದಿಲ್ಲ. ಅದೇ ವಿಷಯ ಬಲ್ಲ ಇಬ್ಬರು ಮೂವರು ಓದಿ, ತಪ್ಪು ಹುಡುಕಿ, ಪ್ರಶ್ನೆ ಕೇಳಿ, ತೃಪ್ತಿಯಾದರೆ ಒಪ್ಪಿಗೆ ಕೊಡುತ್ತಾರೆ. ಇದಕ್ಕೆ 'ಪೀರ್ ರಿವ್ಯೂ' ಎನ್ನುತ್ತಾರೆ. ನಮ್ಮಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆ ಇದ್ದ ಹಾಗೆ ಅಂದುಕೊಳ್ಳಿ.

ಅಚ್ಚಾದ ಪ್ರಬಂಧವನ್ನು ಮುಂದೆ ಬೇರೆಯವರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದು ಒಂದು 'ಉಲ್ಲೇಖ'. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ನೂರು ಪ್ರಬಂಧ ಪ್ರಕಟಿಸಿದೆ, ಈ ವರ್ಷ ಅವಕ್ಕೆ ಮುನ್ನೂರು ಉಲ್ಲೇಖ ಬಂದಿವೆ ಎನ್ನೋಣ. ಆಗ ಪತ್ರಿಕೆಯ 'ಇಂಪ್ಯಾಕ್ಟ್ ಫ್ಯಾಕ್ಟರ್' ಮೂರು. ಲೆಕ್ಕ ಇಷ್ಟೇ. ಗ್ರಂಥಾಲಯಗಳಿಗೆ ಪತ್ರಿಕೆ ಆರಿಸಲು ನೆರವಾಗಲಿ ಎಂದು ಬಂದ ಈ ಅಂಕಿ, ಬರಬರುತ್ತಾ ವಿಜ್ಞಾನಿಗಳ ನೌಕರಿ, ಬಡ್ತಿಗಳನ್ನೂ ತೂಗುವ ತಕ್ಕಡಿಯಾಯಿತು.

ಈ ತಕ್ಕಡಿಯಲ್ಲಿ ಭರತಪುರದ ಪ್ರಬಂಧವನ್ನು ಇಟ್ಟು ನೋಡಿ. ಅಂಕ ಅಷ್ಟೇನೂ ಬರಲಾರದು. ಆದರೆ ಆ ಎಣಿಕೆ ಇಲ್ಲದಿದ್ದರೆ ರಣಹದ್ದು ಸಾಯುತ್ತಿದೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, 'ನೇಚರ್' ಅದಕ್ಕೆ ಉತ್ತರ ಪ್ರಕಟಿಸುವ ಮಾತಂತೂ ದೂರ. ಇದು ಮೊದಲ ಕೊರತೆ. ಎರಡನೆಯದು, ಎರಡು ವರ್ಷದ ಕಟ್ಟುಪಾಡು. ಯಾವ ಪ್ರಬಂಧದ ಪರಿಣಾಮ ಎಂದು ಕಾಣುತ್ತದೋ ಬಲ್ಲವರಾರು?

2024ರಲ್ಲಿ ನಡೆದದ್ದನ್ನೇ ನೋಡಿ. 'ಅಮೆರಿಕನ್ ಎಕನಾಮಿಕ್ ರಿವ್ಯೂ' ಎಂಬ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ರಣಹದ್ದಿನ ಬಗ್ಗೆ ಬರೆದರು. ಹಿಂದೆ ರಣಹದ್ದುಗಳು ಹೆಚ್ಚಾಗಿದ್ದ ಜಿಲ್ಲೆಗಳನ್ನೂ ಅವು ಮೊದಲೇ ಕಡಿಮೆಯಿದ್ದ ಜಿಲ್ಲೆಗಳನ್ನೂ ಹೋಲಿಸಿದರು. ಹಕ್ಕಿ ಹೋದ ಮೇಲೆ ಮೊದಲ ಗುಂಪಿನ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳು ಎಂಬುದು ಅವರ ಅಂದಾಜು. ಹೆಣಗಳು ಕೊಳೆತು ನೀರು ಕೆಟ್ಟಿತು, ತಿನ್ನಲು ಸಿಕ್ಕಿದ್ದರಿಂದ ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗದ ಭೀತಿಯೂ ಹೆಚ್ಚಿತು. ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ಪಾರಸಿ ಬಂಧುಗಳು ಶವಸಂಸ್ಕಾರಕ್ಕೆ ಸೌರ ಉಪಕರಣಗಳ ಮೊರೆ ಹೋಗಬೇಕಾಗಿ ಬಂದದ್ದೂ ಈ ಹಕ್ಕಿ ಇಲ್ಲವಾದ್ದರಿಂದಲೇ.

ಭರತಪುರದ ಗೂಡುಗಳ ಎಣಿಕೆಗೆ ಹೀಗೆ ಇಪ್ಪತ್ತೈದು ವರ್ಷಗಳ ನಂತರ ಮನುಷ್ಯರ ಲೆಕ್ಕ ಸೇರಿತು. ಪಕ್ಷಿಶಾಸ್ತ್ರಜ್ಞರು ಆರಂಭಿಸಿದ್ದನ್ನು ಪಶುವೈದ್ಯರು, ಗಣಿತಜ್ಞರು, ಕೊನೆಗೆ ಅರ್ಥಶಾಸ್ತ್ರಜ್ಞರು ಮುಂದುವರಿಸಿದರು. ಇಂದಿನ ಸಂರಕ್ಷಣಾ ವಿಜ್ಞಾನದ ದೊಡ್ಡ ಬದಲಾವಣೆಯೂ ಇದೇ. ಹಕ್ಕಿಯೊಂದು ಉಳಿದರೆ ಮನುಷ್ಯನಿಗೇನು ಲಾಭ, ಹೋದರೆ ಏನು ನಷ್ಟ ಎಂದು ಅಳೆಯುವ ಕೆಲಸ ಈಗ ಹೆಚ್ಚಾಗಿದೆ.

ಹುಲಿಗೆ ಸಿಕ್ಕ ಪುಟ, ಹುಳುವಿಗೆ ಸಿಗಲಿಲ್ಲ

ಎಲ್ಲ ಜೀವಿಗಳಿಗೂ ಈ ಅದೃಷ್ಟವಿಲ್ಲ. ಕ್ಲಾರ್ಕ್ ಮತ್ತು ಮೇ ಎಂಬುವರು 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸಂರಕ್ಷಣೆಯ ಎರಡು ಮುಖ್ಯ ಪತ್ರಿಕೆಗಳ ಜಾತಕವನ್ನೇ ಬಿಡಿಸಿಟ್ಟರು. ಹೆಸರಿಟ್ಟು ಗುರುತಿಸಿದ ಜೀವಿಗಳಲ್ಲಿ ಬೆನ್ನೆಲುಬಿರುವವು ಶೇಕಡಾ 3 ಮಾತ್ರ. ಆದರೆ ಪ್ರಬಂಧಗಳಲ್ಲಿ ಶೇಕಡಾ 69 ಅವುಗಳ ಮೇಲೆಯೇ. ಜೇಡ, ಜೇನು, ಏಡಿ, ಬಸವನಹುಳುಗಳಂಥ ಬೆನ್ನೆಲುಬಿಲ್ಲದ ಜೀವಿಗಳು ಶೇಕಡಾ 79ರಷ್ಟಿದ್ದರೂ ಅವಕ್ಕೆ ಸಿಕ್ಕಿದ್ದು ಶೇಕಡಾ 11ರಷ್ಟು ಪ್ರಬಂಧ. ದೊಡ್ಡವರ ಮನೆ ಮದುವೆಗೆ ಎಲ್ಲರೂ ಹೋಗುತ್ತಾರೆ ಎನ್ನುವಂತಾಯಿತು.

ಹಾಗೆಂದು ಹುಲಿಯ ಸಂಶೋಧನೆ ವ್ಯರ್ಥವೆಂದಲ್ಲ. ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ, ನಮ್ಮ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಂಖ್ಯಾಶಾಸ್ತ್ರದ ಸಹಾಯದಿಂದ ಎಣಿಸುವ ದಾರಿ ತೋರಿಸಿದರು. 1995ರಲ್ಲಿ ಅದು 'ಬಯಾಲಾಜಿಕಲ್ ಕನ್ಸರ್ವೇಶನ್' ಪತ್ರಿಕೆಯಲ್ಲಿ ಬಂತು. ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರಲ್ಲಿ ದೇಶ ಬೆಚ್ಚಿದ ನಂತರ, ಹಳೆಯ ಹೆಜ್ಜೆಗುರುತಿನ ಎಣಿಕೆ ಹೋಗಿ ಕ್ಯಾಮೆರಾ ಎಣಿಕೆ ದೇಶವ್ಯಾಪಿ ಗಣತಿಯ ಭಾಗವಾಯಿತು.

ಹಣ ಕೊಟ್ಟವರಿಗೆ ಓದು, ಇಂಗ್ಲಿಷ್ ಬಂದವರಿಗೆ ಅರ್ಥ

ಪತ್ರಿಕೆಗಳ ಇನ್ನೊಂದು ತಕರಾರು ಬೆಲೆಯದು. ಅನೇಕ ಪತ್ರಿಕೆಗಳಲ್ಲಿ ಒಂದು ಪ್ರಬಂಧ ಓದಲು ಸಾವಿರಾರು ರೂಪಾಯಿ ತೆರಬೇಕು. ಕಾಡಿನಂಚಿನ ಕಾಲೇಜಿನ ಮೇಷ್ಟರಿಗೆ ಅದು ಎಲ್ಲಿಂದ ಬರಬೇಕು? ಅದಕ್ಕೇ ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಮುಕ್ತ ಪತ್ರಿಕೆಗಳು ಹುಟ್ಟಿದವು. ಮೇಲೆ ಹೇಳಿದ 'ಪ್ಲಾಸ್ ಬಯಾಲಜಿ' ಅಂಥದು. ಕೊಯಮತ್ತೂರಿನಿಂದ ಬರುವ 'ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ' ಕೂಡ ಅಂಥದೇ. ಆದರೆ ಇಂಥ ಹಲವು ಪತ್ರಿಕೆಗಳಲ್ಲಿ ಓದುಗರಿಗೆ ಉಚಿತವಾದದ್ದು ಬರೆದವರ ತಲೆಗೆ ಬರುತ್ತದೆ. ಪ್ರಕಟಣೆಯ ಶುಲ್ಕವನ್ನು ಅವರೇ ಕೊಡಬೇಕು. ಭಾರತ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳ ಓದಿಗೆ ಸಿಗಲೆಂಬುದು ಅದರ ಉದ್ದೇಶ.

ಸಿಕ್ಕಿದರೂ ಭಾಷೆಯ ಗೋಡೆ ಇದ್ದೇ ಇದೆ. ತತ್ಸುಯಾ ಅಮಾನೊ ಮತ್ತು ಸಂಗಡಿಗರು 2014ರಲ್ಲಿ ಬಂದ ಜೀವವೈವಿಧ್ಯ ಸಂರಕ್ಷಣೆಯ 75,000ಕ್ಕೂ ಹೆಚ್ಚು ಬರಹಗಳನ್ನು ಲೆಕ್ಕ ಹಾಕಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಗ್ಲಿಷೇತರ ಭಾಷೆಗಳಲ್ಲಿದ್ದವು. ಇಂಗ್ಲಿಷ್ ಮಾತ್ರ ಓದುವ ಜಗತ್ತು ಅಷ್ಟನ್ನು ಕಳೆದುಕೊಳ್ಳುತ್ತಿದೆ. ಇಂಗ್ಲಿಷಿನಲ್ಲಿರುವುದು ಊರಿನವರಿಗೆ ತಲುಪುತ್ತಿಲ್ಲ ಎಂಬುದು ಅದರ ಇನ್ನೊಂದು ಮುಖ. ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮಘಟ್ಟದ ವರದಿಯನ್ನು 2011ರ ಆಗಸ್ಟಿನಲ್ಲಿ ಕೊಟ್ಟಿತು. ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 2012ರ ಮೇ ತಿಂಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಆಯಾ ಭಾಷೆಗಳಲ್ಲಿ ಗ್ರಾಮಸಭೆಗಳ ಮುಂದಿಡಬೇಕೆಂಬುದು ಅವರ ಒತ್ತಾಯವಾಗಿತ್ತು. ಮನೆಯವರಿಗೆ ಅರ್ಥವಾಗದ ಭಾಷೆಯಲ್ಲಿ ಔಷಧಿ ಚೀಟಿ ಬರೆದರೆ ರೋಗ ವಾಸಿಯಾಗುವುದು ಹೇಗೆ?

ನಮ್ಮ ಪಾಲಿನ ಕೆಲಸ

ಪರಊರಿನಲ್ಲಿರುವ ನಾವೇನು ಮಾಡಬಹುದು? ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ಎಣಿಕೆ. ವಿಜ್ಞಾನಿಗಳಿಗೆ ಈಗ ಸಾಮಾನ್ಯ ಜನರ ಎಣಿಕೆಯೂ ಬೇಕು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸುಮಾರು 30,000 ಹಕ್ಕಿವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳ ಹಣೆಬರಹ ಹೇಳಿದೆ. ಹನಿ ಹನಿ ಕೂಡಿದರೆ ಹಳ್ಳ. ಪುಣೆಯ ಗುಡ್ಡವಾಗಲಿ, ಹೈದರಾಬಾದಿನ ಕೆರೆಯಾಗಲಿ, ಚೆನ್ನೈನ ಪಳ್ಳಿಕರಣೈ ಜೌಗಾಗಲಿ, ದೆಹಲಿಯ ಯಮುನಾ ದಂಡೆಯಾಗಲಿ, ಬೆಳಿಗ್ಗೆ ಕಾಲುಗಂಟೆ ನಿಂತು ಕಂಡ ಹಕ್ಕಿಗಳನ್ನು ಇ-ಬರ್ಡ್‌ನಲ್ಲಿ ದಾಖಲಿಸಿದರೆ ಅದೂ ನಾಳೆಯ ಪ್ರಬಂಧವೊಂದರ ಸಾಲಾಗುತ್ತದೆ.

ಎರಡನೆಯದು ಊರಿಗೆ ಒಂದು ಫೋನು. ಮನೆಯಲ್ಲಿ ದನಕರು ಇದ್ದರೆ, ನೋವಿನ ಔಷಧಿ ಬೇಕಾದಾಗ ಪಶುವೈದ್ಯರನ್ನು ಮೆಲಾಕ್ಸಿಕಾಮ್ ಕೊಡಬಹುದೇ ಎಂದು ಕೇಳಲು ಹೇಳಿ. ಡೈಕ್ಲೋಫೆನಾಕ್ ಅಷ್ಟೇ ಅಲ್ಲ, ರಣಹದ್ದಿಗೆ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ ಪಶುಗಳಿಗೆ ಕೊಡದಂತೆ 2023ರಲ್ಲಿ ಸರ್ಕಾರ ನಿಷೇಧಿಸಿದೆ.

'ಶೋಲೆ' ಚಿತ್ರದ ಬಂಡೆಗಳಿಗೆ ಹೆಸರಾದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿರುವ ಉದ್ದ ಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು. ಊರಿನ ಕೊಟ್ಟಿಗೆಯಲ್ಲಿ ಯಾವ ಔಷಧಿ ಬಳಕೆಯಾಗುತ್ತದೆ ಎಂಬುದರ ಮೇಲೆ ಅವುಗಳ ಉಳಿವು ನಿಂತಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಆ ಪ್ರಬಂಧಗಳ ಸಾರ ಕನ್ನಡದಲ್ಲಿ ಒಂದು ಕೊಟ್ಟಿಗೆಗೆ ತಲುಪಿದರೂ ಅದಕ್ಕಿಂತ ದೊಡ್ಡ 'ಇಂಪ್ಯಾಕ್ಟ್' ಬೇರೆ ಬೇಕೆ?

ನಿಮ್ಮ ಬಡಾವಣೆಯಲ್ಲಿ ಕಾಣುವ ಹಕ್ಕಿಗಳ ಕನ್ನಡ ಹೆಸರುಗಳನ್ನು ನಮಗೆ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇವೆ.