ದೂರಿಗೊಂದು ಅಂಕೆ
(ಗಣಕಯಂತ್ರದ ಕೆಲಸಗಾರರ ದೂರುಪುಸ್ತಕವು ಸುಧಾರಿಸಿದ ಬಗೆ)

ಬೊರಿವಲಿಯಿಂದ ಚರ್ಚ್‌ಗೇಟಿಗೆ ದಿನವೂ ಗಾಡಿ ಹಿಡಿಯುವ ನಮ್ಮ ವಾಚಕರಲ್ಲಿ ಆವಕ-ಜಾವಕ ರಿಜಿಸ್ಟರನ್ನು ಅರಿಯದವರು ವಿರಳ. ಕಚೇರಿಗೆ ಬಂದ ಕಾಗದಕ್ಕೆ ಒಂದು ಅಂಕೆ ಬೀಳುತ್ತದೆ, ತಾರೀಖು ಬೀಳುತ್ತದೆ, ಅದು ಯಾರ ಮೇಜಿಗೆ ಹೋಯಿತೆಂಬುದು ದಾಖಲಾಗುತ್ತದೆ. ಅಂಕೆಯಿಲ್ಲದ ಕಾಗದ ಕಳೆದುಹೋದರೆ ಕೇಳುವವರಿಲ್ಲ, ಹೇಳುವವರೂ ಇಲ್ಲ. ಇದೇ ಪದ್ಧತಿಯು ಗಣಕಯಂತ್ರದ ಲೋಕದಲ್ಲಿ ಯಾವ ರೂಪವನ್ನು ತಾಳಿದೆ, ಅದರಲ್ಲಿದ್ದ ಕೊರತೆಗಳೇನು, ಅವನ್ನು ಹೇಗೆ ತಿದ್ದಲಾಯಿತು, ನಮ್ಮ ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಇಲ್ಲಿ ಸ್ಥೂಲವಾಗಿ ತಿಳಿಸಲು ಯತ್ನಿಸಿದ್ದೇವೆ. ನಮ್ಮವರ ಮಕ್ಕಳು ಅನೇಕರು ಇಂದು ಮಲಾಡ, ಪೊವಾಯಿ, ಐರೋಲಿಗಳ ಕಂಪನಿಗಳಲ್ಲಿ ಈ ಕೆಲಸದಲ್ಲಿ ತೊಡಗಿದ್ದಾರೆ. ಅವರು ರಾತ್ರಿ ಮನೆಗೆ ಬಂದು "ಇಶ್ಯೂ ಇನ್ನೂ ಕ್ಲೋಸ್ ಆಗಿಲ್ಲ" ಎಂದಾಗ ಅದರ ಅರ್ಥ ಹಿರಿಯರಿಗೂ ತಿಳಿದಿದ್ದರೆ ಒಳ್ಳೆಯದು.

ಪುಸ್ತಕದ ಹುಟ್ಟು

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಮನುಷ್ಯನು ಬರೆದುಕೊಟ್ಟ ಅಪ್ಪಣೆಗಳ ಸರಣಿಯನ್ನು ಅದು ಸಾಲುಸಾಲಾಗಿ ಪಾಲಿಸುತ್ತದೆ. ಈ ಸರಣಿಗೇ ತಂತ್ರಾಂಶವೆಂದು ಹೆಸರು. ಬರೆದವನು ಮನುಷ್ಯನಾದುದರಿಂದ ಅದರಲ್ಲಿ ತಪ್ಪುಗಳಿರುವುದು ಸಹಜ. ಅಂಥ ತಪ್ಪಿಗೆ ಈ ವೃತ್ತಿಯವರು 'ಬಗ್' ಅಂದರೆ ಹುಳು ಎನ್ನುತ್ತಾರೆ. 1947ನೆಯ ಸೆಪ್ಟೆಂಬರ್ 9ರಂದು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಎಂಬ ಯಂತ್ರವು ಕೆಟ್ಟಾಗ, ಒಳಗೆ ನಿಜವಾಗಿಯೇ ಒಂದು ಪತಂಗ ಸಿಕ್ಕಿಕೊಂಡಿತ್ತು. ಆ ಹೆಸರು ಯಂತ್ರಶಿಲ್ಪಿಗಳಲ್ಲಿ ಅದಕ್ಕೂ ಮುಂಚೆಯೇ ರೂಢಿಯಲ್ಲಿತ್ತೆನ್ನಿ. ನಮಗೆ ಮುಖ್ಯವಾದುದು ಬೇರೆ ಸಂಗತಿ. ಅಲ್ಲಿನ ಕೆಲಸಗಾರರು ಹುಳುವನ್ನು ಎಸೆದು ಸುಮ್ಮನಾಗದೆ, ದಿನಚರಿ ಪುಸ್ತಕದಲ್ಲಿ ವೇಳೆ ನಮೂದಿಸಿ, ಅದೇ ಪುಟಕ್ಕೆ ಹುಳುವನ್ನು ಅಂಟಿಸಿಟ್ಟರು. ಆ ಪುಟವು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಇಂದಿಗೂ ಭದ್ರವಾಗಿದೆ. ತಪ್ಪು, ವೇಳೆ, ಸಾಕ್ಷಿ: ಒಳ್ಳೆಯ ದೂರಿನ ಮೂರು ಅಂಗಗಳೂ ಅಲ್ಲಿವೆ.

ಕೆಲಸಗಾರರು ಒಂದೇ ಕೋಣೆಯಲ್ಲಿದ್ದಾಗ ಒಂದು ಪುಸ್ತಕ ಸಾಕಾಗಿತ್ತು. ಅವರು ದೇಶದೇಶಗಳಿಗೆ ಹಂಚಿಹೋದ ಮೇಲೆ ಪುಸ್ತಕವೂ ಎಲ್ಲರಿಗೂ ಕಾಣುವಂತಿರಬೇಕಾಯಿತು. 1998ರಲ್ಲಿ ಮೊಜಿಲ್ಲಾ ಬಳಗದವರು 'ಬಗ್‌ಜಿಲ್ಲಾ' ಎಂಬ ಬಹಿರಂಗ ದೂರುಪುಸ್ತಕವನ್ನು ತೆರೆದರು. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬವರು 'ಗಿಟ್' ಎಂಬ ಸಾಧನವನ್ನು ರಚಿಸಿದರು. ಬೊರಿವಲಿಯಲ್ಲಿ ಕುಳಿತವನೂ ಬರ್ಲಿನ್ನಿನಲ್ಲಿ ಕುಳಿತವಳೂ ಒಂದೇ ಬರವಣಿಗೆಯ ತಮ್ಮತಮ್ಮ ಪ್ರತಿಗಳನ್ನು ತಿದ್ದಿ, ಅನಂತರ ಆ ತಿದ್ದುಪಡಿಗಳನ್ನು ಒಂದುಗೂಡಿಸಲು ಅದರಿಂದ ಸಾಧ್ಯವಾಯಿತು. ಆ ಸಾಧನದ ಆಧಾರದ ಮೇಲೆ 2008ರಲ್ಲಿ 'ಗಿಟ್‌ಹಬ್' ಎಂಬ ಕೂಡುತಾಣವು ಆರಂಭವಾಗಿ, 2009ರಲ್ಲಿ ದೂರುಗಳಿಗಾಗಿಯೇ ಅಲ್ಲೊಂದು ವಿಭಾಗ ಏರ್ಪಟ್ಟಿತು. 2018ರಿಂದ ಈ ಸಂಸ್ಥೆಯು ಮೈಕ್ರೋಸಾಫ್ಟ್ ಕಂಪನಿಯ ಒಡೆತನದಲ್ಲಿದೆ.

ಅಲ್ಲಿನ ಕ್ರಮ ಸರಳವಾದುದು. ಪ್ರತಿ ದೂರಿಗೂ ಒಂದು ಅಂಕೆ, ಒಂದು ತಲೆಬರಹ. ಅದು ತೆರೆದಿದೆಯೋ ಮುಚ್ಚಿದೆಯೋ ಎಂಬ ಸ್ಥಿತಿ. ಹೊಣೆ ಹೊತ್ತವರ ಹೆಸರು. 'ತಪ್ಪು', 'ಸಲಹೆ', 'ತುರ್ತು' ಎಂಬಂಥ ಬಣ್ಣದ ಚೀಟಿಗಳು. ಕೆಳಗೆ ಚರ್ಚೆ. ತಿದ್ದುಪಡಿಯ ಟಿಪ್ಪಣಿಯಲ್ಲಿ 'ಇದರಿಂದ 214ನೆಯ ದೂರು ತೀರಿತು' ಎಂಬರ್ಥದ ಗೊತ್ತಾದ ಮಾತನ್ನು ಬರೆದರೆ, ಆ ತಿದ್ದುಪಡಿಯು ಮೂಲಪ್ರತಿಗೆ ಸೇರಿದೊಡನೆ ದೂರು ತಾನೇ ಮುಚ್ಚಿಕೊಳ್ಳುತ್ತದೆ. ಹತ್ತು ವರ್ಷಗಳ ಮೇಲೆ ಯಾರಾದರೂ 'ಈ ಸಾಲನ್ನು ಏಕೆ ಬದಲಿಸಿದರು?' ಎಂದು ಕೇಳಿದರೆ ಉತ್ತರವು ಆ ಅಂಕೆಯಲ್ಲಿಯೇ ಇರುತ್ತದೆ.

2016ರ ಬಹಿರಂಗ ಪತ್ರ

ಇಷ್ಟಿದ್ದರೂ ಕೆಲಸಗಾರರ ಸಂಕಟ ತೀರಲಿಲ್ಲ. ಜಗತ್ತೆಲ್ಲ ಬಳಸುವ ಎಷ್ಟೋ ತಂತ್ರಾಂಶಗಳನ್ನು ನೋಡಿಕೊಳ್ಳುವವರು ಸಂಬಳವಿಲ್ಲದ ಸ್ವಯಂಸೇವಕರು. ಹಗಲು ನೌಕರಿ ಮಾಡಿ ರಾತ್ರಿ ಈ ಸೇವೆಗೆ ಕುಳಿತವರ ಮುಂದೆ ದೂರುಗಳ ರಾಶಿ ಬೆಳೆಯತೊಡಗಿತು. 2016ನೆಯ ಜನವರಿಯಲ್ಲಿ ಇಂಥ ನೂರಾರು ಮಂದಿ ಸಹಿ ಹಾಕಿ ಗಿಟ್‌ಹಬ್ ಸಂಸ್ಥೆಗೆ ಬಹಿರಂಗ ಪತ್ರವೊಂದನ್ನು ಬರೆದರು. ಆ ಪತ್ರವನ್ನು ಅವರು ಇಟ್ಟದ್ದು ಗಿಟ್‌ಹಬ್ಬಿನ ಅಂಗಳದಲ್ಲಿಯೇ.

ಅವರ ಮುಖ್ಯ ಅಹವಾಲುಗಳು ಮೂರು. ಮೊದಲನೆಯದು, ದೂರುದಾರರು ಬೇಕಾದ ವಿವರವನ್ನು ಕೊಡುವುದಿಲ್ಲ. ಯಾವ ಆವೃತ್ತಿ, ಏನು ಮಾಡಿದಾಗ ಕೆಟ್ಟಿತು ಎಂಬುದನ್ನೆಲ್ಲ ಮತ್ತೆ ಕೇಳಿ ತಿಳಿಯುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಎರಡನೆಯದು, 'ನನಗೂ ಹೀಗೇ ಆಗಿದೆ' ಎಂದು ಹೇಳಲು ಬೇರೆ ದಾರಿಯಿಲ್ಲದೆ ಜನರು '+1' ಎಂದು ಬರೆದು ಹೋಗುತ್ತಾರೆ. ಪ್ರತಿಯೊಂದು '+1' ಕೂಡ ಎಲ್ಲರ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತದೆ, ನಿಜವಾದ ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಮೂರನೆಯದು, ನಿಯಮಗಳನ್ನು ಬರೆದಿಟ್ಟರೂ ಅವು ದೂರು ಬರೆಯುವ ಕ್ಷಣದಲ್ಲಿ ಕಣ್ಣಿಗೆ ಬೀಳುವಂತಿಲ್ಲ. ಗಿಟ್‌ಹಬ್ಬಿನ ಸ್ವಂತ ತಂತ್ರಾಂಶವು ಬಹಿರಂಗವಾದುದಲ್ಲ. ಆದುದರಿಂದ ಇಷ್ಟು ಮಂದಿ ಕುಶಲರಿದ್ದರೂ ಈ ಕೊರತೆಗಳನ್ನು ತಾವೇ ತಿದ್ದಿಕೊಳ್ಳುವ ದಾರಿ ಅವರಿಗಿರಲಿಲ್ಲ.

ಪತ್ರವು ವ್ಯರ್ಥವಾಗಲಿಲ್ಲ. ಸಂಸ್ಥೆಯು ತಡವಾಯಿತೆಂದು ಕ್ಷಮೆ ಕೋರಿ, ಫೆಬ್ರವರಿಯಲ್ಲಿ ದೂರಿನ ಮಾದರಿಯನ್ನು ಜಾರಿಗೆ ತಂದಿತು. ದೂರು ಬರೆಯಹೊರಟವರಿಗೆ 'ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ' ಎಂಬಂಥ ತಲೆಬರಹಗಳು ಮೊದಲೇ ಸಿದ್ಧವಾಗಿರುವ ಹಾಳೆ ಅದು. ಮಾರ್ಚಿಯಲ್ಲಿ ಹೆಬ್ಬೆರಳಿನ ಗುರುತಿನಂಥ ಸಂಜ್ಞೆಗಳು ಬಂದವು. ಒಂದು ಒತ್ತಿನಿಂದ 'ನನಗೂ ಹೀಗೆ' ಎಂದು ಯಾರ ನಿದ್ದೆಯನ್ನೂ ಕೆಡಿಸದೆ ಹೇಳಬಹುದಾಯಿತು. ಗುರುತುಗಳು ಎಷ್ಟಿವೆ ಎಂಬುದನ್ನು ನೋಡಿ ಯಾವ ದೂರು ಹೆಚ್ಚು ಜನರನ್ನು ಕಾಡುತ್ತಿದೆ ಎಂದು ಅಳೆಯುವುದೂ ಸುಲಭವಾಯಿತು. 2021ರಲ್ಲಿ ಕಡ್ಡಾಯದ ಕಲಮುಗಳುಳ್ಳ ಫಾರ್ಮುಗಳು ಬಂದವು. 2025ರಲ್ಲಿ ದೊಡ್ಡ ದೂರನ್ನು ಉಪದೂರುಗಳಾಗಿ ಒಡೆಯುವ ಸೌಕರ್ಯವೂ, ದೂರಿನ ಜಾತಿಯನ್ನು ಗೊತ್ತುಪಡಿಸುವ ಸೌಕರ್ಯವೂ ಸೇರಿದವು.

ಆದರೆ ಸುಧಾರಣೆಗೂ ಒಂದು ಮಿತಿಯುಂಟು. ರೇಶನ್ ಕಾರ್ಡಿನ ಅರ್ಜಿಯಲ್ಲಿ ಕಲಮುಗಳು ಹೆಚ್ಚಿದಷ್ಟೂ ಬರೆಯಲಾರದವನು ಹಿಂದೆ ಸರಿಯುತ್ತಾನೆ. ಇಲ್ಲಿಯೂ ಹಾಗೆಯೇ. ಫಾರ್ಮು ಉದ್ದವಾದರೆ ಬಲ್ಲವರ ದೂರು ಮಾತ್ರ ಒಳಗೆ ಬರುತ್ತದೆ, ಬಡಬಳಕೆದಾರನ ಕಷ್ಟ ಹೊರಗೇ ಉಳಿಯುತ್ತದೆ. ಇನ್ನು ಕೆಲವರು, ಇಷ್ಟು ದಿನ ಯಾರೂ ಮಾತಾಡದ ದೂರನ್ನು ತಾನಾಗಿ ಮುಚ್ಚುವ ಯಂತ್ರಸೇವಕನನ್ನು ನೇಮಿಸಿಕೊಂಡಿದ್ದಾರೆ. ಇದರಿಂದ ರಾಶಿ ಕರಗುತ್ತದೆ, ನಿಜ. ಆದರೆ ಕಡತ ಮುಚ್ಚಿದ ಮಾತ್ರಕ್ಕೆ ಕಷ್ಟ ತೀರುವುದಿಲ್ಲ ಎಂಬುದು ಪಿಂಚಣಿಗಾಗಿ ಅಲೆದ ಯಾವ ಗುಮಾಸ್ತನಿಗಾದರೂ ಗೊತ್ತು. ಮಾತು ನಿಂತುದಕ್ಕೆ ದೂರುದಾರನು ಬೇಸತ್ತು ಹೋದುದೂ ಕಾರಣವಿರಬಹುದು.

ಕನ್ನಡದ ಪಾಲು

ಇದೆಲ್ಲ ದೂರದ ಮಾತೆಂದು ವಾಚಕರು ತಿಳಿಯಬಾರದು. ನಮ್ಮ ಮೊಬೈಲಿನಲ್ಲಿ ಕಾಣುವ ಕನ್ನಡ ಅಕ್ಷರಗಳ ಹಿಂದೆಯೂ ಇಂಥ ದೂರುಪುಸ್ತಕಗಳಿವೆ. 'ನೋಟೋ' ಅಕ್ಷರಮಾಲೆಯ ಕನ್ನಡ ವಿಭಾಗವು ಗಿಟ್‌ಹಬ್ಬಿನಲ್ಲಿಯೇ ಇದೆ. ನಮ್ಮ ಮುಂಬಯಿಯ 'ಏಕ್ ಟೈಪ್' ಬಳಗವು 'ಬಾಲೂ' ಮಾಲೆಯಲ್ಲಿ ಕನ್ನಡಕ್ಕೆಂದು ರಚಿಸಿದ 'ಬಾಲೂ ತಮ್ಮ' ಅಕ್ಷರಗಳೂ ಅಲ್ಲಿ ಬಹಿರಂಗವಾಗಿವೆ. ಯಾರು ಬೇಕಾದರೂ ನೋಡಬಹುದು, ದೂರು ಬರೆಯಬಹುದು.

ಕನ್ನಡದ ದೂರು ಹೇಗಿರುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. 'ಸೂರ್ಯ' ಎಂದು ಬರೆಯುವಾಗ ರ, ಅರ್ಧಚಿಹ್ನೆ, ಯ ಎಂಬ ಕ್ರಮದಲ್ಲಿ ಒತ್ತುತ್ತೇವೆ, ಅರ್ಕಾವೊತ್ತು ತಾನೇ ಮೂಡುತ್ತದೆ. ಆದರೆ 'ರ‍್ಯಾಲಿ' ಎಂದು ಬರೆಯಬೇಕಾದರೆ ರಕಾರವು ಪೂರ್ಣವಾಗಿ ಮುಂದೆ ನಿಂತು ಯಕಾರವು ಒತ್ತಾಗಬೇಕು. ಇದಕ್ಕಾಗಿ ರಕಾರಕ್ಕೂ ಅರ್ಧಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಸೇರುಚಿಹ್ನೆಯನ್ನು ಇಡಬೇಕಾಗುತ್ತದೆ. ಯಾವುದಾದರೂ ತಂತ್ರಾಂಶವು ಈ ಕಾಣದ ಚಿಹ್ನೆಯನ್ನು ಕಸವೆಂದು ತಿಳಿದು ಗುಡಿಸಿಹಾಕಿದರೆ, ಪದವು 'ರ್ಯಾಲಿ' ಎಂದಾಗಿಬಿಡುತ್ತದೆ.

ಈಗ ದೂರುದಾರನು ಪರದೆಯ ಚಿತ್ರ ತೆಗೆದು 'ಕನ್ನಡ ಸರಿಯಿಲ್ಲ' ಎಂದಷ್ಟೇ ಬರೆದರೆ ಏನು ಪ್ರಯೋಜನ? ಕನ್ನಡ ಬಾರದ ಕೆಲಸಗಾರನಿಗೆ ಎರಡು ರೂಪಗಳಲ್ಲಿ ಯಾವುದು ಸರಿ ಎಂಬುದೇ ತಿಳಿಯದು. ಕಾಣದ ಚಿಹ್ನೆಯು ಚಿತ್ರದಲ್ಲಿಯೂ ಕಾಣದು. ಚಿತ್ರದೊಡನೆ ಅಕ್ಷರಗಳನ್ನೇ ನಕಲು ಮಾಡಿ ಅಂಟಿಸಬೇಕು, ಇರಬೇಕಾದ ರೂಪವನ್ನೂ ತೋರಿಸಬೇಕು. 2018ನೆಯ ಫೆಬ್ರವರಿಯಲ್ಲಿ ನೆರೆಯ ತೆಲುಗಿನ 'ಜ್ಞಾ' ಅಕ್ಷರದ ಒಂದು ಸಂಯೋಜನೆಯು ಐಫೋನುಗಳನ್ನು ಕೆಡಿಸಿತು. ಅದರಲ್ಲಿಯೂ ಇಂಥದೇ ಕಾಣದ ಚಿಹ್ನೆಯೊಂದಿತ್ತು. ಯಾವ ಅಕ್ಷರಗಳು, ಯಾವ ಕ್ರಮ ಎಂಬುದು ಖಚಿತವಾಗಿ ಗೊತ್ತಾಗಿತ್ತು. ಅದೇ ತಿಂಗಳಲ್ಲಿ ತಿದ್ದುಪಡಿಯೂ ಹೊರಬಿತ್ತು.

ದೂರು ತಡವಾದರೆ ಏನಾಗುತ್ತದೆಂಬುದಕ್ಕೂ ಕನ್ನಡದಲ್ಲಿಯೇ ನಿದರ್ಶನವಿದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಹಳಗನ್ನಡದ 'ೞ' ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ಕಟ್ಟಳೆ. ಬದಲಿಸಿದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುವ ಭಯವಿದೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ 'ಸರಿಯಾದ ಹೆಸರು ಇದು' ಎಂಬ ತಿದ್ದುಪಡಿ ಮಾತ್ರ ದಾಖಲಾಗಿದೆ. ಕನ್ನಡ ಬಲ್ಲವನೊಬ್ಬನು ಪಟ್ಟಿ ಗಟ್ಟಿಯಾಗುವ ಮುನ್ನವೇ ಸರಿಯಾದ ಜಾಗದಲ್ಲಿ ದೂರು ಬರೆದಿದ್ದರೆ ಈ ಕಲೆ ಉಳಿಯುತ್ತಿರಲಿಲ್ಲ.

ನಾವು ಮಾಡಬಹುದಾದುದು

ಹೆಸರು ತಪ್ಪಾಗಿ ಮುದ್ರಿತವಾದರೆ ಕಷ್ಟಪಡುವವರು ನಾವು, ಅಕ್ಷರ ಒಡೆದರೆ ಊರಿನ ಪತ್ರ ಓದಲಾಗದವರೂ ನಾವೇ. ಹೀಗಿರಲು 'ಕಂಪ್ಯೂಟರಿನಲ್ಲಿ ಕನ್ನಡ ಹೀಗೆಯೇ' ಎಂದು ಸುಮ್ಮನಾಗುವುದು ತರವಲ್ಲ. ದೂರು ಬರೆಯುವ ಮುನ್ನ ಅದೇ ದೂರು ಈಗಾಗಲೇ ಇದೆಯೇ ಎಂದು ಹುಡುಕಬೇಕು. ಇದ್ದರೆ ಹೊಸದನ್ನು ತೆರೆಯದೆ ಅಲ್ಲಿಯೇ ಗುರುತು ಹಾಕಬೇಕು. ಒಂದು ಹಾಳೆಯಲ್ಲಿ ಒಂದೇ ದೂರಿರಬೇಕು. ಯಾವ ಫೋನು, ಯಾವ ಆವೃತ್ತಿ, ಏನು ಒತ್ತಿದಾಗ ಏನಾಯಿತು, ಏನಾಗಬೇಕಿತ್ತು ಎಂಬುದನ್ನು ಕ್ರಮವಾಗಿ ಬರೆಯಬೇಕು. ಬೈಗುಳು ಬೇಡ. ಓದುವವನು ಸಂಬಳವಿಲ್ಲದ ಸ್ವಯಂಸೇವಕನಿರಬಹುದು. ಅವನು ಮರುಪ್ರಶ್ನೆ ಕೇಳಿದರೆ ಉತ್ತರಿಸದೆ ಬಿಡಬಾರದು.

ಇಂಗ್ಲಿಷ್ ಬಾರದೆಂಬ ಅಳುಕು ಅನೇಕರಿಗಿರುವುದು ಸಹಜ. ಅಂಥವರು ನಮ್ಮ ಉಚಿತ ವಾಚನಾಲಯದ ಸೂಚನಾ ಪುಸ್ತಕದಲ್ಲಿಯೇ ಕನ್ನಡದಲ್ಲಿ ಬರೆದಿಡಲಿ. ಸಂಘದ ತರುಣರು ಅದನ್ನು ಇಂಗ್ಲಿಷಿಗಿಳಿಸಿ ತಕ್ಕ ಕಡೆ ದಾಖಲಿಸಿ, ಅಲ್ಲಿ ಸಿಕ್ಕ ಅಂಕೆಯನ್ನು ತಂದು ಅದೇ ಪುಟದ ಅಂಚಿನಲ್ಲಿ ಬರೆಯಬೇಕೆಂದು ನಮ್ಮ ಸೂಚನೆ. ಬರೆದವರು ಮುಂದಿನ ಭಾನುವಾರ ಪತ್ರಿಕೆ ಓದಲು ಬಂದಾಗ ತಮ್ಮ ದೂರಿನ ಗತಿಯೇನಾಯಿತೆಂದು ಆ ಅಂಕೆ ಹಿಡಿದು ಧಾರಾಳವಾಗಿ ಕೇಳಬಹುದು.