ಮೇಜಿನ ಟೆಲಿಫೋನಿಗೆ ಒಪ್ಪುವ ಹೆಡ್‌ಸೆಟ್

ಕಚೇರಿಯಲ್ಲಿ ದಿನವಿಡೀ ಟೆಲಿಫೋನಿಗೆ ಉತ್ತರ ಕೊಡುವ ಕೆಲಸದಲ್ಲಿರುವವರನ್ನು ವಾಚಕರು ಕಂಡಿರಬಹುದು. ಎರಡು ಕೈಗಳೂ ಕಂಪ್ಯೂಟರಿನ ಕೀಲಿಮಣೆಯ ಮೇಲಿರುತ್ತವೆ. ಇಲ್ಲವೆ ಒಂದರಲ್ಲಿ ಕಡತ, ಇನ್ನೊಂದರಲ್ಲಿ ಲೇಖನಿ. ರಿಸೀವರನ್ನು ಹಿಡಿಯಲು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು? ಆದಕಾರಣ ಅದನ್ನು ಕಿವಿಗೂ ಹೆಗಲಿಗೂ ನಡುವೆ ಇರುಕಿಕೊಂಡು, ಕೊರಳನ್ನು ಒಂದು ಕಡೆಗೆ ವಾಲಿಸಿ ಮಾತನಾಡುತ್ತಾರೆ. ಒಂದೆರಡು ನಿಮಿಷಗಳಿಗೆ ಇದರಿಂದ ಬಾಧೆಯಿಲ್ಲ. ದಿನಕ್ಕೆ ನಾಲ್ಕಾರು ಗಂಟೆಗಳಂತೆ ವರ್ಷಗಟ್ಟಲೆ ನಡೆದರೆ ಮಾತ್ರ ಕೊರಳಿನ ಸ್ನಾಯುಗಳು ತಮ್ಮ ಬಾಕಿಯನ್ನು ವಸೂಲುಮಾಡದೆ ಬಿಡುವುದಿಲ್ಲ.

ಬೆಂಗಳೂರಿನ ಕಚೇರಿಯೊಂದರಲ್ಲಿ ಇಂತಹ ಕೆಲಸದಲ್ಲಿರುವ ನನ್ನ ಪರಿಚಿತರೊಬ್ಬರು ಕೊರಳುನೋವಿನಿಂದ ಬೇಸತ್ತು ಒಂದು ಹೆಡ್‌ಸೆಟ್ಟನ್ನು ಕೊಂಡು ತಂದರು. ಅದರ ಪ್ಲಗ್ಗು ಟೆಲಿಫೋನಿನ ಸಾಕೆಟ್ಟಿನಲ್ಲಿ ಟಕ್ಕೆಂದು ಕುಳಿತಿತು. ಎದುರಿನವರ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ಇವರ ಮಾತು ಎದುರಿನವರಿಗೆ ಪಾಳುಬಾವಿಯ ತಳದಿಂದ ಬಂದಂತೆ ಕ್ಷೀಣವಾಗಿತ್ತು. ಅಂಗಡಿಯವನು ಬೇರೊಂದನ್ನು ಕೊಟ್ಟ. ಅದರದೂ ಅದೇ ಪಾಡು. ವಿಚಾರಿಸಿ ನೋಡಿದರೆ ಹೆಡ್‌ಸೆಟ್ ಕೆಟ್ಟಿರಲಿಲ್ಲ, ಟೆಲಿಫೋನೂ ಕೆಟ್ಟಿರಲಿಲ್ಲ. ಅವೆರಡಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೆ. ಬೀಗದ ಕೈ ಬೀಗದೊಳಗೆ ಹೊಕ್ಕಿತೆಂದ ಮಾತ್ರಕ್ಕೆ ಬೀಗ ತೆರೆಯುವುದೆ?

ಈ ಹೊಂದಾಣಿಕೆ ಎಂದರೇನೆಂಬುದನ್ನು ತಿಳಿಯಲು ಆ ಪ್ಲಗ್ಗನ್ನೇ ಕೈಗೆತ್ತಿಕೊಳ್ಳೋಣ. ಪಾರದರ್ಶಕವಾದ ಆ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಪೇಟೆಯಲ್ಲಿ ಆರ್‌ಜೆ-9 ಎಂದು ಕರೆಯುತ್ತಾರೆ. ಅದರಲ್ಲಿ ಹೊಂಬಣ್ಣದ ನಾಲ್ಕು ಸಂಪರ್ಕಪಟ್ಟಿಗಳು ಸಾಲಾಗಿರುವುದು ಕಾಣುತ್ತದೆ. ನಾಲ್ಕು ತಂತಿಗಳಲ್ಲಿ ಎರಡು ಮೈಕಿಗೆ, ಎರಡು ಕಿವಿಯ ಬಳಿಯ ಸ್ಪೀಕರಿಗೆ. ಸಾಮಾನ್ಯವಾಗಿ ನಡುವಣ ಎರಡು ಸ್ಪೀಕರಿಗೂ ಹೊರಗಿನ ಎರಡು ಮೈಕಿಗೂ ಸೇರಿರುತ್ತವೆ. ಆದರೆ ಎಲ್ಲ ತಯಾರಕರೂ ಇದೇ ಕ್ರಮವನ್ನು ಪಾಲಿಸುವುದಿಲ್ಲ. ಕ್ರಮವನ್ನು ಪಾಲಿಸಿದವರಲ್ಲಿಯೂ ಮೈಕಿನ ಎರಡು ತಂತಿಗಳಲ್ಲಿ ಧನ ಯಾವುದು, ಋಣ ಯಾವುದು ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಪ್ಲಗ್ಗಿನ ಆಕಾರ ಎಲ್ಲೆಡೆಯೂ ಒಂದೇ. ಅದರೊಳಗಿನ ತಂತಿಗಳ ವ್ಯವಸ್ಥೆ ಮನೆಮನೆಗೂ ಬೇರೆ.

ಧನಋಣಗಳು ಅದಲುಬದಲಾದರೆ ಏನಾಗುವುದು? ಸ್ಪೀಕರಿಗೆ ಏನೂ ಆಗುವುದಿಲ್ಲ. ಅದು ಎಂದಿನಂತೆಯೇ ನುಡಿಯುತ್ತದೆ. ಮೈಕಿನ ಮಾತು ಹಾಗಲ್ಲ. ಏಕೆಂದರೆ ಮೈಕುಗಳಲ್ಲಿ ಜಾತಿಗಳುಂಟು, ಮತ್ತು ಒಂದೊಂದು ಜಾತಿಯೂ ಟೆಲಿಫೋನಿನಿಂದ ಬೇಡುವ ಆಹಾರ ಬೇರೆ. ಇವುಗಳ ವೃತ್ತಾಂತವನ್ನು ಸಂಕ್ಷೇಪವಾಗಿಯಾದರೂ ಅರಿತರೆ ನಮ್ಮ ಪರಿಚಿತರ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಟೆಲಿಫೋನಿಗೆ ಹಕ್ಕುಪತ್ರವನ್ನು ಪಡೆದದ್ದು 1876ರಲ್ಲಿ. ಆತನ ಯಂತ್ರದಿಂದ ಹೊರಡುತ್ತಿದ್ದ ಸಂಕೇತ ತೀರ ದುರ್ಬಲವಾಗಿತ್ತು. ಮರುವರ್ಷವೇ ಎಡಿಸನ್ ಇಂಗಾಲದ ಮೈಕಿಗಾಗಿ ಅರ್ಜಿ ಸಲ್ಲಿಸಿದ. ಮುಂದೆ ಬಳಕೆಗೆ ಬಂದ ಇಂಗಾಲದ ಮೈಕುಗಳಲ್ಲಿ ತೆಳುವಾದ ಪೊರೆಯೊಂದರ ಹಿಂದೆ ಇಂಗಾಲದ ಹರಳುಗಳನ್ನು ತುಂಬಿರುತ್ತಾರೆ. ಮಾತಿನ ಅಲೆ ಪೊರೆಯನ್ನು ಒತ್ತಿದಾಗ ಹರಳುಗಳು ಬಿಗಿಯಾಗಿ, ವಿದ್ಯುತ್ತಿಗೆ ಅವು ಒಡ್ಡುವ ರೋಧ ಕಡಿಮೆಯಾಗುತ್ತದೆ. ಒತ್ತಡ ಸಡಿಲಿದಾಗ ರೋಧ ಹೆಚ್ಚುತ್ತದೆ. ಅದರ ಮೂಲಕ ಹರಿಯುವ ಪ್ರವಾಹವೂ ಮಾತಿನ ಏರಿಳಿತವನ್ನೇ ಅನುಸರಿಸುತ್ತದೆ. ಸಂಕೇತ ಬಲವಾದುದು, ಆದರೆ ಮೈಕಿಗೆ ಹೊರಗಿನಿಂದ ಸಾಕಷ್ಟು ಪ್ರವಾಹವನ್ನು ಹರಿಸಬೇಕು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿ ನಾಡಿಗೆಲ್ಲ ಒದಗಿಸಿದ ಕಪ್ಪು ಟೆಲಿಫೋನುಗಳ ಭಾರವಾದ ರಿಸೀವರಿನಲ್ಲಿದ್ದುದು ಈ ಜಾತಿಯ ಮೈಕೇ. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ಇಂದಿಗೂ ಉಳಿದಿದೆ.

ಎರಡನೆಯದು ಸುರುಳಿಯ ಮೈಕು. ಇದರಲ್ಲಿ ಪೊರೆಗೆ ಅಂಟಿಸಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೊರಗಿನ ಆಹಾರ ಇದಕ್ಕೆ ಬೇಡ. ಆದರೆ ಹುಟ್ಟುವ ವಿದ್ಯುತ್ತು ಅತ್ಯಲ್ಪವಾದುದರಿಂದ ಅದನ್ನು ವರ್ಧಿಸಬೇಕಾಗುತ್ತದೆ.

ಮೂರನೆಯದು ಎಲೆಕ್ಟ್ರೆಟ್ ಮೈಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು ಇದನ್ನು ರೂಪಿಸಿದರು. ಅಯಸ್ಕಾಂತ ತನ್ನ ಕಾಂತತ್ವವನ್ನು ಉಳಿಸಿಕೊಂಡಂತೆ, ಇದರಲ್ಲಿನ ಪ್ಲಾಸ್ಟಿಕ್ ಪೊರೆ ವಿದ್ಯುದಂಶವನ್ನು ಬಹುಕಾಲ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಇದು ಹಗುರ, ಅಗ್ಗ, ಅವರೆಕಾಳಿಗಿಂತ ದೊಡ್ಡದಾಗಬೇಕಿಲ್ಲ. ಇಂದಿನ ಮೇಜಿನ ಟೆಲಿಫೋನುಗಳಲ್ಲಿಯೂ ಹೆಡ್‌ಸೆಟ್ಟುಗಳಲ್ಲಿಯೂ ಹೆಚ್ಚಾಗಿ ಕಾಣುವುದು ಇದೇ. ಆದರೆ ಇದರ ಒಡಲಿನಲ್ಲಿ ಚಿಕ್ಕದೊಂದು ಟ್ರಾನ್ಸಿಸ್ಟರ್ ಇದೆ. ಅದಕ್ಕೆ ಕೆಲವು ವೋಲ್ಟುಗಳ ನೇರ ವಿದ್ಯುತ್ತು ಬೇಕು, ಅದೂ ಸರಿಯಾದ ದಿಕ್ಕಿನಿಂದಲೇ ಬರಬೇಕು.

ನಮ್ಮ ಪರಿಚಿತರ ಹೆಡ್‌ಸೆಟ್ಟಿನಲ್ಲಿ ಆಗಿದ್ದುದು ಇದೇ. ಟೆಲಿಫೋನು ಧನವೆಂದು ಕೊಟ್ಟ ಕಡೆಯಲ್ಲಿ ಮೈಕಿನ ಋಣದ ತಂತಿ ಕುಳಿತಿತ್ತು. ಅವರು ಇಡೀ ಹೆಡ್‌ಸೆಟ್ಟನ್ನು ಬದಲಿಸಬೇಕಾಗಿರಲಿಲ್ಲ. ಆ ಮಾದರಿಯ ಟೆಲಿಫೋನಿಗೆಂದೇ ತಂತಿಕ್ರಮವನ್ನು ಹೊಂದಿಸಿದ ಗೇಣುದ್ದದ ಕೂಡುತಂತಿಯೊಂದನ್ನು ನಡುವೆ ಸೇರಿಸಿದೊಡನೆ ಅವರ ದನಿ ಬಾವಿಯಿಂದ ಮೇಲೆದ್ದು ಬಂದಿತು. ಕೆಲವು ತಯಾರಕರು ಹಲವು ಸ್ಥಾನಗಳ ಸ್ವಿಚ್ಚನ್ನೇ ಇಂತಹ ತಂತಿಯಲ್ಲಿ ಅಳವಡಿಸುತ್ತಾರೆ. ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ಸರಿಸಿ, ಎದುರಿನವರಿಗೆ ದನಿ ಚೆನ್ನಾಗಿ ಕೇಳಿಸಿದಲ್ಲಿ ನಿಲ್ಲಿಸಿದರಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಟೆಲಿಫೋನಿನ ಬೆನ್ನಿನಲ್ಲಿ ರಿಸೀವರಿನ ಸಾಕೆಟ್ಟಿನ ಪಕ್ಕದಲ್ಲಿಯೇ ಹೊರಗಿನ ಲೈನಿನ ಸಾಕೆಟ್ಟೂ ಇರುವುದುಂಟು. ಅದು ತುಸು ಅಗಲವಾದುದರಿಂದ ಹೆಡ್‌ಸೆಟ್ಟಿನ ಪ್ಲಗ್ಗು ಅದರಲ್ಲಿಯೂ ತೂರಬಲ್ಲದು. ಹಳೆಯ ಬಗೆಯ ಟೆಲಿಫೋನ್ ಲೈನಿನಲ್ಲಿ ಸುಮಾರು 48 ವೋಲ್ಟುಗಳ ನೇರ ವಿದ್ಯುತ್ತು ಸದಾ ಇರುತ್ತದೆ. ಗಂಟೆ ಬಾರಿಸುವಾಗ ಇನ್ನೂ ಹೆಚ್ಚಿನ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಕೆಲವೇ ವೋಲ್ಟುಗಳನ್ನು ಬೇಡುವ ಮೈಕು ಅದನ್ನು ತಾಳಲಾರದು.

ಇನ್ನು ಸ್ಪೀಕರಿನ ವಿಚಾರ. ಸಂಗೀತ ಕೇಳಲು ಮಾಡಿದ ಹೆಡ್‌ಫೋನುಗಳ ರೋಧ ಸಾಮಾನ್ಯವಾಗಿ 32 ಓಮ್‌ನ ಆಸುಪಾಸಿನಲ್ಲಿರುತ್ತದೆ. ರಿಸೀವರಿನ ಸ್ಪೀಕರಿಗೆ ಅದಕ್ಕಿಂತ ಹಲವು ಮಡಿ ಹೆಚ್ಚಿನ ರೋಧವಿರುವುದು ವಾಡಿಕೆ. ಒಂದಕ್ಕೆಂದು ರಚಿಸಿದ ಯಂತ್ರಕ್ಕೆ ಇನ್ನೊಂದನ್ನು ಜೋಡಿಸಿದರೆ ದನಿ ಕುಗ್ಗಬಹುದು, ಒಡೆಯಬಹುದು, ಇಲ್ಲವೆ ಕಿವಿಗೆ ರಾಚಬಹುದು. ಮೊಬೈಲ್ ಫೋನಿನ 3.5 ಮಿಲಿಮೀಟರ್ ಪ್ಲಗ್ಗಿನಲ್ಲಿಯೂ ಎರಡು ಸಂಪ್ರದಾಯಗಳಿವೆ: ನಾಲ್ಕು ಬಳೆಗಳಲ್ಲಿ ಕೊನೆಯ ಎರಡು, ಅಂದರೆ ಮೈಕಿನದೂ ಭೂಸಂಪರ್ಕದ್ದೂ, ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ, ಪರಸ್ಪರ ಸ್ಥಳ ಬದಲಿಸಿವೆ.

ಯುಎಸ್‌ಬಿ ತಂತಿಯ ಹೆಡ್‌ಸೆಟ್ಟಿನಲ್ಲಿ ಈ ತೊಡಕುಗಳಿಲ್ಲ. ದನಿಯನ್ನು ಅಂಕೆಗಳಾಗಿಸುವ ಮಂಡಲ ಅದರಲ್ಲಿಯೇ ಇರುವುದರಿಂದ ಟೆಲಿಫೋನಿಗೂ ಅದಕ್ಕೂ ನಡೆಯುವುದು ಅಂಕೆಗಳ ವಿನಿಮಯ ಮಾತ್ರ. ಆದರೆ ಟೆಲಿಫೋನಿನಲ್ಲಿ ಯುಎಸ್‌ಬಿ ಕಿಂಡಿ ಇದೆಯೆಂದು ಸಂತೋಷಪಟ್ಟರೆ ಸಾಲದು. ಕೆಲವು ಯಂತ್ರಗಳಲ್ಲಿ ಅದು ದನಿಗಾಗಿ ಇರುವುದೇ ಇಲ್ಲ. ಬ್ಲೂಟೂತ್ ಹೆಡ್‌ಸೆಟ್ಟಾದರೆ ಟೆಲಿಫೋನಿಗೂ ಆ ಶಕ್ತಿ ಇರಬೇಕು. ತಂತಿಯಿಲ್ಲದ ಹೆಡ್‌ಸೆಟ್ಟನ್ನು ಧರಿಸಿ, ದೂರದಲ್ಲಿ ನಿಂತು ಗುಂಡಿಯೊತ್ತಿ ಕರೆಯನ್ನು ಸ್ವೀಕರಿಸಬೇಕಾದರೆ, ರಿಸೀವರನ್ನು ಎತ್ತಿದಂತೆ ಯಂತ್ರಕ್ಕೆ ಸೂಚನೆ ಕೊಡುವ ಮತ್ತೊಂದು ತಂತಿ ಅನೇಕ ವೇಳೆ ಬೇಕಾಗುತ್ತದೆ. ಅದೂ ತಯಾರಕರಿಂದ ತಯಾರಕರಿಗೆ ಬೇರೆ.

ಹೊಂದಾಣಿಕೆ ತಪ್ಪಿದರೆ ನಷ್ಟವಾಗುವುದು ಹಣ ಮಾತ್ರವೆಂದು ತಿಳಿಯಬಾರದು. ನಾವು ಮಾತನಾಡುವಾಗ ನಮ್ಮ ದನಿಯ ಸ್ವಲ್ಪ ಭಾಗವನ್ನು ಟೆಲಿಫೋನು ನಮ್ಮ ಕಿವಿಗೇ ಹಿಂದಿರುಗಿಸುತ್ತದೆ. ಎಷ್ಟು ಗಟ್ಟಿಯಾಗಿ ಮಾತನಾಡಬೇಕೆಂಬುದನ್ನು ಅದರಿಂದಲೇ ಅರಿಯುತ್ತೇವೆ. ಮೈಕು ದುರ್ಬಲವಾದರೆ ಈ ಮರುದನಿಯೂ ಕುಗ್ಗುತ್ತದೆ. ಅರಿವಿಲ್ಲದೆಯೇ ನಾವು ಕೂಗಲಾರಂಭಿಸುತ್ತೇವೆ. ಪಕ್ಕದ ಮೇಜಿನವರೂ ದನಿಯೇರಿಸುತ್ತಾರೆ. ಆ ಗದ್ದಲದಲ್ಲಿ ಎದುರಿನವರ ಮಾತು ಕೇಳಿಸದೆ ಎಲ್ಲರೂ ಸ್ಪೀಕರಿನ ದನಿಯನ್ನು ಹೆಚ್ಚಿಸುತ್ತಾರೆ. ಕೆಲಸದ ಸ್ಥಳದಲ್ಲಿ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ಸೂಚಿಸಿದೆ. ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಕಾಲವನ್ನು ಅರ್ಧಕ್ಕಿಳಿಸಬೇಕೆಂಬುದು ಅದರ ನಿಯಮ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಹಠಾತ್ತಾಗಿ ಬರುವ ಕರ್ಕಶ ಶಬ್ದವನ್ನು ತಡೆದು ಮಿತಿಯಲ್ಲಿಡುವ ಮಂಡಲ ಹೆಡ್‌ಸೆಟ್ಟಿನಲ್ಲಿ ಇದೆಯೆ ಎಂದು ಕೇಳುವುದು ಇದರಿಂದಲೇ ಅಗತ್ಯ.

ಹಾಗಾದರೆ ಕೊಳ್ಳುವವರು ಮಾಡಬೇಕಾದುದೇನು? ಮೊದಲು ಅಂಗಡಿಗೆ ಹೋಗಬಾರದು. ಟೆಲಿಫೋನನ್ನು ಮಗುಚಿ ನೋಡಬೇಕು. ಅಡಿಯಲ್ಲಿ ತಯಾರಕರ ಹೆಸರೂ ಮಾದರಿಯ ಸಂಖ್ಯೆಯೂ ಇರುತ್ತವೆ, ಅವನ್ನು ಬರೆದುಕೊಳ್ಳಬೇಕು. ಹೆಡ್‌ಸೆಟ್ಟಿನ ಚಿತ್ರವಿರುವ ಪ್ರತ್ಯೇಕ ಸಾಕೆಟ್ ಇದೆಯೆ, ಅದೇ ಚಿತ್ರದ ಗುಂಡಿ ಇದೆಯೆ ಎಂಬುದನ್ನು ಗಮನಿಸಬೇಕು. ಅವಿಲ್ಲದಿದ್ದರೆ ಹೆಡ್‌ಸೆಟ್ಟನ್ನು ರಿಸೀವರಿನ ಸಾಕೆಟ್ಟಿಗೇ ಸೇರಿಸಬೇಕಾಗುತ್ತದೆ. ಆಗ ಪ್ರತಿ ಕರೆಗೂ ರಿಸೀವರನ್ನು ಎತ್ತಿಡುವ ಕೆಲಸ ತಪ್ಪುವುದಿಲ್ಲ. ಹೆಡ್‌ಸೆಟ್ ತಯಾರಕರು ಯಾವ ಮಾದರಿಗೆ ಯಾವ ಕೂಡುತಂತಿ ಎಂಬ ಪಟ್ಟಿಗಳನ್ನು ಪ್ರಕಟಿಸುತ್ತಾರೆ; ನಮ್ಮ ಸಂಖ್ಯೆ ಅದರಲ್ಲಿದ್ದರೆ ಮಾತ್ರ ಕೊಳ್ಳುವುದು ಲೇಸು. ಹತ್ತಾರು ಜನರಿರುವ ಕಚೇರಿಯಾದರೆ ಮೊದಲು ಒಂದನ್ನೇ ತರಿಸಿ, ಗದ್ದಲದ ವೇಳೆಯಲ್ಲಿಯೇ ಕರೆಮಾಡಿ ಪರೀಕ್ಷಿಸಬೇಕು. ಆಗ "ನನಗೆ ಕೇಳಿಸುತ್ತಿದೆಯೆ?" ಎಂದು ತೃಪ್ತರಾಗದೆ, "ನನ್ನ ಮಾತು ನಿಮಗೆ ಕೇಳಿಸುತ್ತಿದೆಯೆ?" ಎಂದು ಎದುರಿನವರನ್ನೂ ಕೇಳಬೇಕು.

ನನ್ನ ಪರಿಚಿತರು ಈಗ ಕೊರಳನ್ನು ನೇರವಾಗಿಟ್ಟುಕೊಂಡು ಕೆಲಸಮಾಡುತ್ತಾರೆ. ಹಿಂದಿರುಗಿಸಲು ಕಟ್ಟಿಟ್ಟಿದ್ದ ಹೆಡ್‌ಸೆಟ್ಟೇ ಅವರ ತಲೆಯ ಮೇಲಿದೆ. ಅದಕ್ಕೂ ಟೆಲಿಫೋನಿಗೂ ನಡುವೆ ಸಂಧಾನ ಮಾಡಿಸಿದುದು ಗೇಣುದ್ದದ ಒಂದು ತಂತಿ.