ಬಾಕಿ ಪಟ್ಟಿ ಯಾಕೆ ತಡವಾಗುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ತಲ್ಲೂರಿನ ನಮ್ಮ ಮಾಮುವಿನ ದಿನಸಿ ಅಂಗಡಿಯಿಂದ ಎಷ್ಟೋ ಮನೆಗಳಿಗೆ ಅಕ್ಕಿ, ಎಣ್ಣೆ ಕಡವಾಗಿಯೇ ಹೋಗುತ್ತದೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದ ಮೇಲೆ ಜನ ಬಾಕಿ ತೀರಿಸಲು ಬರುತ್ತಾರೆ. ಕಳೆದ ವರ್ಷ ಒಬ್ಬರು ಕೈಯಲ್ಲಿ ಹಣ ಹಿಡಿದೇ ಬಂದಿದ್ದರು. ಅಂಗಡಿಯ ಪ್ರೋಗ್ರಾಂನಲ್ಲಿ ಒಬ್ಬರ ಲೆಕ್ಕ ನೋಡಬೇಕಾದರೂ ಎಲ್ಲರ ಪಟ್ಟಿ ತೆರೆಯಬೇಕು. ಅದು ತೆರೆಯುತ್ತಲೇ ಇತ್ತು. ಅವರು ಕಾದು ಕಾದು "ನಾಳಿಗ್ ಬತ್ತೆ" ಎಂದು ಹೊರಟುಹೋದರು. ಮತ್ತೆ ಬಂದದ್ದು ಒಂದು ತಿಂಗಳ ನಂತರ.

ಕಂಪ್ಯೂಟರ್ ಹಳೆಯದಾಯಿತು ಎಂದು ಮಾಮು ಹೇಳಿದರು. ಆದರೆ ತೊಂದರೆ ಕಂಪ್ಯೂಟರಿನದಲ್ಲ, ಪ್ರಶ್ನೆ ಕೇಳುವ ರೀತಿಯದು.

ಇಂಥ ವರದಿಯಲ್ಲಿ ಎರಡು ಟೇಬಲ್ ಇರುತ್ತವೆ. 'ಗ್ರಾಹಕ' ಟೇಬಲ್‌ನಲ್ಲಿ ಒಬ್ಬರಿಗೆ ಒಂದೇ ಸಾಲು, ಇದು ಮಾಸ್ಟರ್. 'ಬಿಲ್' ಟೇಬಲ್‌ನಲ್ಲಿ ಒಬ್ಬರಿಗೆ ಹಲವು ಸಾಲು, ಇದು ಡೀಟೇಲ್. ಎರಡನ್ನೂ ಜೋಡಿಸುವುದು ಗ್ರಾಹಕ ಸಂಖ್ಯೆ.

ಉದಾಹರಣೆಗೆ 300 ಗ್ರಾಹಕರು, 12,000 ಬಿಲ್ಲುಗಳು ಇವೆ ಎಂದುಕೊಳ್ಳಿ. ಪ್ರೋಗ್ರಾಂ ಮೊದಲು ಗ್ರಾಹಕರ ಪಟ್ಟಿ ಕೇಳುತ್ತದೆ. ಆಮೇಲೆ ಒಬ್ಬೊಬ್ಬರಿಗೂ "ಇವರ ಬಿಲ್ ಕೊಡು" ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ಒಟ್ಟು 301 ಪ್ರಶ್ನೆ. ಒಂದೊಂದು ಚೀಟಿಗೂ ಒಂದೊಂದು ಸಲ ಗೋದಾಮಿಗೆ ಹೋಗಿ ಬಂದ ಹಾಗೆ. ಬಿಲ್ ಟೇಬಲ್‌ನಲ್ಲಿ ಗ್ರಾಹಕ ಸಂಖ್ಯೆಗೆ ಇಂಡೆಕ್ಸ್ ಇಲ್ಲದಿದ್ದರೆ ಪ್ರತಿ ಸಲವೂ 12,000 ಸಾಲು ಹುಡುಕಬೇಕು. 300 ಸಲಕ್ಕೆ 36 ಲಕ್ಷ ಸಾಲು!

ನಮ್ಮ ಕಂಪ್ಯೂಟರ್ ಸೈನ್ಸ್ ಲೆಕ್ಚರರ್ ಹೇಳಿಕೊಟ್ಟ ಪರಿಹಾರ ಹೀಗಿದೆ:

1. ಬಿಲ್ ಟೇಬಲ್‌ನ ಗ್ರಾಹಕ ಸಂಖ್ಯೆಗೆ ಇಂಡೆಕ್ಸ್ ಹಾಕಬೇಕು. ಪ್ರೈಮರಿ ಕೀಗೆ ಮೈಎಸ್‌ಕ್ಯೂಎಲ್ ತಾನೇ ಇಂಡೆಕ್ಸ್ ಮಾಡುತ್ತದೆ. ಉಳಿದ ಕಾಲಂಗಳಿಗೆ ಸಾಮಾನ್ಯವಾಗಿ ನಾವೇ ಮಾಡಬೇಕು.

2. 301 ಪ್ರಶ್ನೆಯ ಬದಲು ಜಾಯಿನ್ ಬಳಸಿ ಒಂದೇ ಪ್ರಶ್ನೆ ಕೇಳಬೇಕು. ಆರ್ಡರ್ ಬೈ ಹಾಕಿ ಗ್ರಾಹಕ ಸಂಖ್ಯೆಯ ಕ್ರಮದಲ್ಲಿ ಸಾಲುಗಳನ್ನು ಪಡೆಯಬೇಕು. ಸಂಖ್ಯೆ ಬದಲಾದಾಗ ಹೊಸ ಗ್ರಾಹಕರ ಹೆಸರು ಮುದ್ರಿಸಿದರೆ ಸಾಕು.

3. ಬೇಕಾದ ಕಾಲಂಗಳನ್ನು ಮಾತ್ರ ಕೇಳಬೇಕು. ಒಬ್ಬರದೇ ಲೆಕ್ಕ ಬೇಕಿದ್ದರೆ ವೇರ್ ಷರತ್ತಿನಲ್ಲಿ ಅವರ ಸಂಖ್ಯೆ ಕೊಡಬೇಕು.

ಹೀಗೆ ಮಾಡಿದಾಗ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ನಾನು ಖುಷಿಯಿಂದ ತೋರಿಸಿದೆ. ಮಾಮು ಒಂದು ಹೆಸರಿನ ಮೇಲೆ ಬೆರಳಿಟ್ಟು "ಬೇಟಾ, ಹಿಸಾಬ್ ಗಲತ್ ಹೈ" ಎಂದರು. ಲೆಕ್ಕ ತಪ್ಪಾಗಿತ್ತು.

ಆ ಗ್ರಾಹಕರ ಹಳೆ ಬಾಕಿ 500 ರೂಪಾಯಿ. ಹೊಸ ಬಿಲ್ 200, 150, 100. ಒಟ್ಟು 950 ಆಗಬೇಕು. ನನ್ನ ಪಟ್ಟಿಯಲ್ಲಿ 1,950 ಇತ್ತು. ಜಾಯಿನ್ ಮಾಡಿದಾಗ ಮೂರು ಬಿಲ್ ಸಾಲುಗಳಲ್ಲೂ ಹಳೆ ಬಾಕಿ ಬಂದು ಕೂತಿತ್ತು. ನಾನು 500ನ್ನು ಮೂರು ಸಲ ಕೂಡಿಸಿದ್ದೆ. ಮಾಮು ನೋಡದಿದ್ದರೆ ಅವರ ಹತ್ತಿರ ಸಾವಿರ ರೂಪಾಯಿ ಹೆಚ್ಚು ಕೇಳುತ್ತಿದ್ದೆವು!

ಆದ್ದರಿಂದ ಮಾಸ್ಟರ್‌ನ ಮೊತ್ತವನ್ನು ಗ್ರಾಹಕರಿಗೆ ಒಂದೇ ಸಲ ತೆಗೆದುಕೊಳ್ಳಬೇಕು. ಇಲ್ಲವೇ ಗ್ರೂಪ್ ಬೈ ಬಳಸಿ ಬಿಲ್ಲುಗಳನ್ನು ಮೊದಲೇ ಕೂಡಿಸಿ, ಆಮೇಲೆ ಗ್ರಾಹಕರ ಜೊತೆ ಜೋಡಿಸಬೇಕು. ಇನ್ನೊಂದು ಎಚ್ಚರಿಕೆ: ಬರೀ ಜಾಯಿನ್ ಹಾಕಿದರೆ ಹೊಸ ಬಿಲ್ ಇಲ್ಲದ ಗ್ರಾಹಕರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ, ಅವರ ಹಳೆ ಬಾಕಿ ಇದ್ದರೂ ಕೂಡ. ಅವರೂ ಬೇಕೆಂದರೆ ಲೆಫ್ಟ್ ಜಾಯಿನ್ ಹಾಕಬೇಕು.

ನಮ್ಮ ಕಾಮರ್ಸ್ ಸ್ನೇಹಿತರಿಗೆ ನನ್ನದೊಂದು ಮಾತು. ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುವಂತೆ, ಇಲ್ಲಿಯೂ ಎರಡು ಮೂರು ಹೆಸರುಗಳ ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡಿ. ಈ ಆಗಸ್ಟ್‌ನಲ್ಲಿ ಅಂಗಡಿಗೆ ಬಂದ ಯಾರನ್ನೂ ನಾವು ಕಾಯಿಸಲಿಲ್ಲ. ಆದರೂ ಮಾಮು ಪಟ್ಟಿಯ ಪಕ್ಕದಲ್ಲಿ ತಮ್ಮ ಹಳೆಯ ಕೆಂಪು ಪುಸ್ತಕ ಇಟ್ಟುಕೊಂಡೇ ಕೂರುತ್ತಾರೆ. ಈಗ ನಾನು ಬೇಡ ಎನ್ನುವುದಿಲ್ಲ.